ಶಟಲ್ ಕೋರ್ಟಿನ ಶೀಟ್ ಚಾವಣಿ: ಗಾಳಿಗೆ ಮೂಲೆ ಏಳುತ್ತಿದೆ, ಏನು ಮಾಡಲಿ?

ಕುಡ್ಲ ಶಟ್ಲರ್:
ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಹತ್ತಿರ ನಾಲ್ಕು ಕೋರ್ಟಿನ ಶಟಲ್ ಹಾಲ್ ಕಟ್ಟಿಸಿದ್ದೇವೆ. ಅಗಲ 18 ಮೀಟರ್, ನಡುವೆ ಕಂಬ ಇಲ್ಲ. ಕಬ್ಬಿಣದ ಟ್ರಸ್ (ಚಾವಣಿ ಹೊರುವ ತ್ರಿಕೋನ ಚೌಕಟ್ಟು), ಮೇಲೆ 0.5 ಮಿ.ಮೀ. ಶೀಟ್. ಬೆಳಕಿಗೆ ಅಲ್ಲಲ್ಲಿ 6 ಮೀಟರ್ ಉದ್ದದ ಪಾಲಿಕಾರ್ಬೊನೇಟ್ (ಬೆಳಕು ಬಿಡುವ ಪ್ಲಾಸ್ಟಿಕ್) ಶೀಟ್.

ಮೇ ತಿಂಗಳ ಗಾಳಿಮಳೆಗೆ ಒಂದು ಮೂಲೆಯ ಮೂರು ಶೀಟ್ ಎದ್ದು ಪಟಪಟ ಬಡಿದುಕೊಂಡವು. ಏಣಿ ಹತ್ತಿ ನೋಡಿದೆ. ಸ್ಕ್ರೂ ಪರ್ಲಿನ್‌ನಲ್ಲಿ (ಶೀಟ್ ಕೂರುವ ಅಡ್ಡ ಪಟ್ಟಿ) ಗಟ್ಟಿಯಾಗೇ ಕೂತಿವೆ. ಶೀಟಿನ ತೂತು ಮಾತ್ರ ಹುಣಸೆ ಬೀಜದಷ್ಟು ಅಗಲವಾಗಿ, ಸ್ಕ್ರೂ ತಲೆಯನ್ನೇ ದಾಟಿ ಮೇಲೆ ಬಂದಿದೆ. ಪಾಲಿಕಾರ್ಬೊನೇಟ್ ಪಕ್ಕ ಸೋರುತ್ತೆ ಕೂಡ. ಕೆಲಸ ಮಾಡಿದವರು ದಪ್ಪ ಶೀಟ್ ಹಾಕಿಸಿ ಅಂತಾರೆ. ಅದರ ಬದಲು ಟೆನ್ಸೈಲ್, ಅಂದರೆ ಬಿಗಿಯಾಗಿ ಎಳೆದು ಕಟ್ಟುವ ಬಟ್ಟೆ ಚಾವಣಿ ಆಗಬಹುದಾ?

ಟ್ರಸ್ ಕೆಲಸ:
ಸರ್, ಶೀಟ್ ಬದಲಿಸುವ ಮೊದಲು ಒಂದು ಲೆಕ್ಕ ನೋಡಿ. ಕಟ್ಟಡದ ಮೇಲಿನ ಗಾಳಿಯ ಹೊರೆಗೆ ಇರುವ ಭಾರತೀಯ ಮಾನಕ ಐಎಸ್ 875 ಭಾಗ 3ರಲ್ಲಿ ಮಂಗಳೂರಿಗೆ ಗಾಳಿಯ ಮೂಲ ವೇಗ ಸೆಕೆಂಡಿಗೆ 39 ಮೀಟರ್. ಬೆಂಗಳೂರಿಗೆ 33. ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಒತ್ತಡ ನ್ಯೂಟನ್ ಲೆಕ್ಕದಲ್ಲಿ ಸಿಗುತ್ತೆ. ನಿಮ್ಮಲ್ಲಿ ಚದರ ಮೀಟರಿಗೆ ಸುಮಾರು 913 ನ್ಯೂಟನ್, ಅಂದರೆ 93 ಕೆಜಿ ಭಾರದಷ್ಟು. ನಿಮ್ಮ ಶೀಟ್, ಪರ್ಲಿನ್, ಟ್ರಸ್ ಎಲ್ಲ ಸೇರಿ 20 ಕೆಜಿ ಇರಬಹುದು. ಮೇಲೆ ಹಾಯುವ ಗಾಳಿ ಚಾವಣಿಯನ್ನು ಮೇಲಕ್ಕೆ ಹೀರುತ್ತೆ. ಅಂದರೆ ಗಾಳಿ ಜೋರಾದಾಗ ನಿಮ್ಮ ಚಾವಣಿ ಕೆಳಗೆ ಒತ್ತುವುದಿಲ್ಲ, ಮೇಲಕ್ಕೆ ಎಳೆಯುತ್ತೆ. ಮೂಲೆ, ಅಂಚುಗಳಲ್ಲಿ ಆ ಎಳೆತ ನಡುವಿಗಿಂತ ಇನ್ನೂ ಜಾಸ್ತಿ. ದಪ್ಪ ಶೀಟ್ ಹಾಕಿದರೆ ಒಂದೆರಡು ಕೆಜಿ ತೂಕ ಕೂಡೀತು, ಅಷ್ಟೇ.

ಬಟ್ಟೆ ಚಾವಣಿ ಇನ್ನೂ ಹಗುರ, ಚದರ ಮೀಟರಿಗೆ ಸುಮಾರು 1 ಕೆಜಿ. ಅದನ್ನು ಹಿಡಿದಿಡುವುದು ಬಿಗಿತ. 1972ರ ಮ್ಯೂನಿಕ್ ಒಲಿಂಪಿಕ್ ಕ್ರೀಡಾಂಗಣದ ಕೇಬಲ್ ಬಲೆ ತೇಲಿದ ಹಾಗೆ ಕಾಣುತ್ತೆ ಅಲ್ವಾ? ಆ ಎಳೆತವನ್ನೆಲ್ಲ ನೆಲದೊಳಗಿನ ದೈತ್ಯ ಕಾಂಕ್ರೀಟ್ ಆಂಕರ್‌ಗಳು ಹಿಡಿದಿವೆ. ಅಂಥ ಪಾಯ ಇಲ್ಲದೆ ಬಟ್ಟೆಗೆ ಕೈ ಹಾಕಬೇಡಿ.

ಗಾಳಿ ಬಂದಾಗ ಶಟರ್ ತೆಗೆದಿತ್ತಾ?

ಕುಡ್ಲ ಶಟ್ಲರ್:
ಹೌದು, ಎದುರಿನ ದೊಡ್ಡ ಶಟರ್ ಪೂರ್ತಿ ತೆಗೆದಿತ್ತು. ಮಕ್ಕಳು ಆಡ್ತಾ ಇದ್ದರು.

ಟ್ರಸ್ ಕೆಲಸ:
ಹಾಗಾದರೆ ಕಾರಣ ಸಿಕ್ಕಿತು. ಒಳಗೆ ನುಗ್ಗಿದ ಗಾಳಿ ಕೆಳಗಿಂದ ದೂಡುತ್ತೆ, ಹೊರಗಿನದು ಮೇಲಿಂದ ಎಳೆಯುತ್ತೆ. ಗೋಡೆಯಲ್ಲಿ ದೊಡ್ಡ ತೆರಪು ಇದ್ದರೆ ಒಳ ಒತ್ತಡದ ಗುಣಾಂಕ 0.2ರ ಬದಲು 0.7 ಹಿಡಿಯಬೇಕು. ಮೋಡ ಕವಿದ ಕೂಡಲೇ ಶಟರ್ ಇಳಿಸಿ. ಮಕ್ಕಳಿರುವ ಜಾಗ, ಇದನ್ನು ಇವತ್ತೇ ಶುರು ಮಾಡಿ.

ಅಂಚಿನ ಪಟ್ಟಿಯಲ್ಲಿ ಪರ್ಲಿನ್‌ಗಳ ನಡುವೆ ಇನ್ನೊಂದು ಪರ್ಲಿನ್ ಕೂಡಿಸಿ. ಅಲ್ಲಿ ಶೀಟಿನ ಒಂದು ಉಬ್ಬು ಬಿಟ್ಟು ಒಂದಕ್ಕಲ್ಲ, ಪ್ರತಿ ಉಬ್ಬಿಗೂ ಸ್ಕ್ರೂ ಬೇಕು, ಅಗಲ ವಾಷರ್ ಸಮೇತ. ಹರಿದ ಮೂರು ಶೀಟ್ ಬದಲಿಸಿ. ಹಳೇ ತೂತಿಗೆ ಸಿಲಿಕಾನ್ ಮೆತ್ತಿ ಸುಮ್ನೆ ಬಿಡಬೇಡಿ.

ಬಳ್ಳಾರಿ ಫ್ಯಾಬ್ರಿಕೇಟರ್:
ಸೋರಿಕೆ ಬಗ್ಗೆ ನಾನು ಹೇಳ್ತೀನಿ. 30 ಡಿಗ್ರಿ ಏರಿಳಿತಕ್ಕೆ 6 ಮೀಟರ್ ಪಾಲಿಕಾರ್ಬೊನೇಟ್ ಸುಮಾರು 12 ಮಿ.ಮೀ. ಹಿಗ್ಗುತ್ತೆ, ಕಬ್ಬಿಣ 2 ಮಿ.ಮೀ. ಮಾತ್ರ. ತೂತು ಸ್ಕ್ರೂ ಅಳತೆಗೇ ಕೊರೆದಿದ್ದರೆ ಶೀಟ್ ಅಲ್ಲೇ ಸೀಳುತ್ತೆ. ಉದ್ದಕ್ಕೆ ಓಡಾಡುವ ಹಾಗೆ ತೂತು ದೊಡ್ಡದು ಮಾಡಿ, ಮೇಲೆ ಅಗಲ ರಬ್ಬರ್ ವಾಷರ್ ಕೂರಿಸಿ. ಸ್ಕ್ರೂ ಅತಿ ಬಿಗಿ ಬೇಡ, ವಾಷರ್ ಚಪ್ಪಟೆ ಆಗಬಾರದು.

ಕುಡ್ಲ ಶಟ್ಲರ್:
ತುಂಬಾ ಉಪಕಾರ. ಮೂಲೆ ಬಿಗಿ ಮಾಡಿದರೆ ಸಾಕಾ?

ಟ್ರಸ್ ಕೆಲಸ:
ಕಂಬದ ಬುಡವನ್ನೂ ನೋಡಿ. ಶೀಟ್ ಗಟ್ಟಿಯಾದರೆ ಎಳೆತ ಅಲ್ಲಿಗೆ ಇಳಿಯುತ್ತೆ. ಟ್ರಸ್‌ಗಳ ನಡುವೆ 6 ಮೀಟರ್ ಇದ್ದರೆ ಒಂದು ಕಂಬದ ಪಾಲಿಗೆ 54 ಚದರ ಮೀಟರ್, ಒರಟು ಲೆಕ್ಕಕ್ಕೆ 4 ಟನ್ ಮೇಲೆಳೆತ. ಶಟರ್ ತೆಗೆದಿದ್ದರೆ ಇನ್ನೂ ಜಾಸ್ತಿ. ಬೇಸ್ ಪ್ಲೇಟಿನ (ಕಂಬದ ಬುಡದ ಕಬ್ಬಿಣದ ಹಲಗೆ) ಬೋಲ್ಟ್ ಎಷ್ಟಿವೆ, ಎಷ್ಟು ದಪ್ಪ, ಪಾಯದ ಅಳತೆ ಎಷ್ಟು ಅಂತ ಬರೆದು ಸ್ಟ್ರಕ್ಚರಲ್ ಎಂಜಿನಿಯರಿಗೆ ತೋರಿಸಿ. ಅವರು ನೋಡಿ ಹೇಳುವ ತನಕ ಗಾಳಿ ಎದ್ದ ದಿನ ಹಾಲ್ ಖಾಲಿ ಮಾಡಿಸಿ.