ಬಳ್ಳಿಗಾವೆಯ ಪ್ರವಾಸದಲ್ಲಿ ಕಲ್ಲುಗಣಿಯನ್ನೂ ತೋರಿಸಬೇಕೇ?

ಸಾಗರದ ಶಿಕ್ಷಕಿ:
ಡಿಸೆಂಬರಿನಲ್ಲಿ ನಮ್ಮ ಪ್ರೌಢಶಾಲೆಯ 40 ಮಕ್ಕಳನ್ನು ತಾಳಗುಂದಕ್ಕೂ ಬಳ್ಳಿಗಾವೆಗೂ ಕರೆದೊಯ್ಯುತ್ತಿದ್ದೇವೆ. ರಾಜವಂಶಗಳ ಹೆಸರು ಪಠ್ಯದಲ್ಲೇ ಇವೆ; ಬಂಡೆಯಿಂದ ಕಲ್ಲನ್ನು ಎಬ್ಬಿಸಿ, ಕಡೆದು, ಕಂಬವಾಗಿ ನಿಲ್ಲಿಸಿದ ಬಗೆಯನ್ನು ಮಕ್ಕಳು ಅರಿಯಬೇಕೆಂಬುದು ನನ್ನ ಆಸೆ. ಇಷ್ಟೊಂದು ಕಲ್ಲು ತೆಗೆದ ಗುಂಡಿ ಎಲ್ಲಿದೆ ಎಂದು ಒಬ್ಬ ಹುಡುಗ ಈಗಾಗಲೇ ಕೇಳಿದ್ದಾನೆ. ಯಾವುದಾದರೂ ಕಲ್ಲುಗಣಿಯನ್ನೂ ಸೇರಿಸಿಕೊಳ್ಳಬೇಕೇ? ತಿಳಿದವರು ದಯವಿಟ್ಟು ಹೇಳಿ.

ಶಿರಾಳಕೊಪ್ಪದ ಓದುಗ:
ಮೇಡಂ, ಗಣಿ ಹುಡುಕುತ್ತ ಹೊರಟರೆ ದಿನವೆಲ್ಲ ಬಸ್ಸಿನಲ್ಲೇ ಕಳೆದೀತು. ಬೆಳಗಿನ ಓರೆಬಿಸಿಲಿನಲ್ಲಿ ಅಕ್ಷರಗಳು ಚೆನ್ನಾಗಿ ಕಾಣುವುದರಿಂದ ಮೊದಲು ತಾಳಗುಂದದ ಪ್ರಣವೇಶ್ವರ ಗುಡಿಯ ಎದುರಿನ ಶಾಸನದ ಕಂಬಕ್ಕೆ ಹೋಗಿ. ಮಯೂರಶರ್ಮನ ಕಥೆ ಹೇಳುವ ಆ ಸಂಸ್ಕೃತ ಕಾವ್ಯವನ್ನು ಕವಿ ಕುಬ್ಜ ತಾನೇ ಕಲ್ಲಿನ ಮೇಲೆ ಬರೆದೆನೆಂದು ಹೇಳಿಕೊಂಡಿದ್ದಾನೆ. ಪದ್ಯ ಬಾಯಿಪಾಠಕ್ಕೆ ಗೊಣಗುವ ಮಕ್ಕಳಿಗೆ ಇದನ್ನು ಅಗತ್ಯವಾಗಿ ತಿಳಿಸಿ. ಬಳ್ಳಿಗಾವೆಯ ಕೇದಾರೇಶ್ವರ ಬಳಪದ ಕಲ್ಲಿನ ತ್ರಿಕೂಟ ದೇವಾಲಯ, ಎಂದರೆ ಮೂರು ಗರ್ಭಗುಡಿಗಳದ್ದು. ಅಲ್ಲಿನ ಕಂಬಗಳನ್ನು ತಿರುಗಣೆಗೆ (ಲೇತ್) ಕೊಟ್ಟು, ತಿರುಗಿಸುತ್ತ ಕಡೆದಿರುವುದರಿಂದ ಅವುಗಳ ಮೈಮೇಲಿನ ಸುತ್ತುಗೆರೆಗಳೇ ಪಾಠ ಹೇಳುತ್ತವೆ. 1047ರಲ್ಲಿ ಬನವಾಸಿಯನ್ನಾಳುತ್ತಿದ್ದ ಚಾವುಂಡರಾಯ ನಿಲ್ಲಿಸಿದ ಗಂಡಭೇರುಂಡ ಕಂಬದ ದಂಡವಂತೂ ಸುಮಾರು 30 ಅಡಿಯ ಒಂದೇ ಕಲ್ಲು. ಅಷ್ಟುದ್ದದ ಕಲ್ಲನ್ನು ಮುರಿಯದಂತೆ ಊರಿಗೆ ತಂದದ್ದೇ ಕೆತ್ತನೆಗಿಂತ ದೊಡ್ಡ ಸಾಹಸವೆಂದು ನನ್ನ ಎಣಿಕೆ.

ಹೊಸನಗರದ ಕಲ್ಲುಕೆಲಸದವನು:
ನನ್ನ ಕಸುಬಿನ ಮಾತನ್ನಷ್ಟೇ ಸೇರಿಸುತ್ತೇನೆ. ಗ್ರಾನೈಟ್ ಬಂಡೆ ಸೀಳಬೇಕಾದರೆ ಒಂದೇ ಸಾಲಿನಲ್ಲಿ ಗುಳಿ ಹೊಡೆದು, ಪ್ರತಿ ಗುಳಿಗೂ ಬೆಣೆ ಇಟ್ಟು, ಸರದಿಯಂತೆ ಬಡಿಯುತ್ತ ಹೋಗುತ್ತೇವೆ. ಬಿರುಕು ಗುಳಿಯಿಂದ ಗುಳಿಗೆ ಹಾಯ್ದು ಬಂಡೆ ನೇರವಾಗಿ ಬಿಚ್ಚಿಕೊಳ್ಳುತ್ತದೆ. ಹಂಪಿಯಲ್ಲಿ ಇಂಥ ಗುಳಿಸಾಲುಗಳು ಬಂಡೆಬಂಡೆಯಲ್ಲೂ ಕಾಣುತ್ತವೆ. ಬಳಪದ ಕಲ್ಲಿಗೆ ಅಷ್ಟು ಬಲ ಬೇಡ. ನೆಲದಿಂದ ತೆಗೆದ ಹೊಸತರಲ್ಲಿ ಅದು ಉಳಿಗೆ ಸುಲಭವಾಗಿ ಬಗ್ಗುತ್ತದೆ, ಗಾಳಿಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಅಷ್ಟು ಸಣ್ಣ ಕುಸುರಿ ಸಾಧ್ಯವಾದದ್ದು ಇದರಿಂದಲೇ. ನಮ್ಮ ಮಲೆನಾಡಿನ ಕೆಂಪುಕಲ್ಲು ಜಂಬಿಟ್ಟಿಗೆಯ ಗುಣವೂ ಇದೇ ಆದ್ದರಿಂದ, ಗಾರೆ ಮೆತ್ತದ ಯಾವುದಾದರೂ ಹಳೆಯ ಗೋಡೆಯಲ್ಲಿ ಕಡಿದ ಗೆರೆಗಳನ್ನು ಮಕ್ಕಳಿಗೆ ತೋರಿಸಿ. ಕಲ್ಲು ತೆಗೆದು ಬಿಟ್ಟ ಗುಂಡಿಗಳ ಹತ್ತಿರ ಮಾತ್ರ ಕರೆದೊಯ್ಯಬೇಡಿ; ಮಳೆಗಾಲದ ನೀರು ಡಿಸೆಂಬರಿನಲ್ಲೂ ನಿಂತಿರುತ್ತದೆ, ಅಂಚು ಕುಸಿಯುತ್ತದೆ.

ಸಾಗರದ ಶಿಕ್ಷಕಿ:
ಇಬ್ಬರಿಗೂ ಧನ್ಯವಾದಗಳು. ಗಣಿಯ ಯೋಚನೆಯನ್ನು ಕೈಬಿಟ್ಟೆ. ಬಳಪದ ಕಲ್ಲು ಮೆದುವೆಂಬುದನ್ನು ಮಕ್ಕಳು ಕೈಯಾರೆ ತಿಳಿಯುವ ದಾರಿ ಇದೆಯೇ?

ಹೊಸನಗರದ ಕಲ್ಲುಕೆಲಸದವನು:
ಗುಡಿ ಸಂರಕ್ಷಿತ ಸ್ಮಾರಕ, ಅಲ್ಲಿ ಉಗುರನ್ನೂ ತಾಗಿಸಕೂಡದು. ಹಿಂದೆ ಸ್ಲೇಟಿನ ಮೇಲೆ ಬರೆಯುತ್ತಿದ್ದ ಬಳಪವೂ ಇದೇ ಜಾತಿಯ ಕಲ್ಲು. ಸಿಕ್ಕರೆ ಒಂದು ಪೊಟ್ಟಣ ಕೊಂಡು, ಹೊರಡುವ ಹಿಂದಿನ ದಿನ ಶಾಲೆಯಲ್ಲೇ ಮೊಳೆಯಿಂದ ಕೆತ್ತಿಸಿ ನೋಡಿ.