ಅಪ್‌ಡೇಟ್: ನಮ್ಮ ಶೆಡ್ಡೂ ‘ಕಾರ್ಖಾನೆ’ಯೇ ಅಂತೆ (ಮಾರ್ಚ್ 2023)

ಹಿಂದೆ ಕೇಳಿದ್ದೆ, ನೆನಪಿದೆಯಾ? ಪೀಣ್ಯದ ನಮ್ಮ ಪವರ್ ಪ್ರೆಸ್ (ಲೋಹದ ಹಾಳೆ ಒತ್ತಿ ಕತ್ತರಿಸುವ ಮಷಿನ್) ಶೆಡ್‌ನಲ್ಲಿ ನಮ್ಮವರು 7 ಜನ, ಗುತ್ತಿಗೆದಾರ ಕಳಿಸುವವರು 4 ಜನ. ಕಾರ್ಖಾನೆ ಕಾಯ್ದೆ ನಮಗೂ ಬರುತ್ತದಾ ಅಂತ.

ಬರುತ್ತಿತ್ತು. ವಕೀಲರೊಬ್ಬರ ಜೊತೆ ಕೂತು ಆಗ (2023ರಲ್ಲಿ) ಜಾರಿಯಲ್ಲಿದ್ದ 1948ರ ಕಾಯ್ದೆ ಓದಿದೆ. ಕರೆಂಟ್ ಬಳಸಿ ಮಾಲು ತಯಾರಿಸುವ ಕಡೆ, ಹಿಂದಿನ 12 ತಿಂಗಳಲ್ಲಿ ಒಂದೇ ಒಂದು ದಿನ 10 ಜನ ದುಡಿದಿದ್ದರೂ ಸಾಕಿತ್ತು. ಗುತ್ತಿಗೆಯವರೂ ಲೆಕ್ಕಕ್ಕೆ ಸೇರುತ್ತಿದ್ದರು. ‘ಅವರು ನಮ್ಮವರಲ್ಲ’ ಅಂದುಕೊಂಡು ಇಷ್ಟು ದಿನ ಸುಮ್ನೆ ಕೂತಿದ್ದೆ ನಾನು.

ಜಾಸ್ತಿ ಚುರುಕ್ ಅನ್ನಿಸಿದ್ದು ಆ ಕಾಯ್ದೆಯ 21ನೇ ಸೆಕ್ಷನ್. ಮಷಿನ್ ಓಡುತ್ತಿರುವಾಗ ಅಪಾಯದ ಭಾಗಕ್ಕೆ ಗಾರ್ಡ್ (ಕೈ ಸಿಗದಂತೆ ತಡೆಯುವ ಕವಚ) ಇರಲೇಬೇಕು ಅಂತ ಅದರಲ್ಲಿತ್ತು. ನಮ್ಮ ಆಪರೇಟರ್ ಸ್ಪೀಡ್ ಸಿಗಲ್ಲ ಅಂತ ಅದನ್ನು ಬಿಚ್ಚಿಟ್ಟಿದ್ದ. ನಾನೂ ನೋಡಿಯೂ ನೋಡದಂತಿದ್ದೆ. ಪೀಸ್ ಜಾಸ್ತಿ ಬರುತ್ತಿತ್ತಲ್ವಾ! ‘ಅವನೇ ತೆಗೆದ’ ಅಂತ ಹೇಳಿ ಮಾಲೀಕ ಕೈ ತೊಳೆದುಕೊಳ್ಳೋಕಾಗಲ್ಲ ಅಂದರು ವಕೀಲರು.

ಈಗ ಇಂಟರ್‌ಲಾಕ್ ಹಾಕಿಸಿದ್ದೇನೆ. ಗಾರ್ಡ್ ತೆಗೆದರೆ ಪ್ರೆಸ್ ಓಡುವುದೇ ಇಲ್ಲ. ಲೈಸೆನ್ಸ್‌ಗೆ ಅರ್ಜಿ ಹಾಕಿದ್ದಾಯಿತು. ಆಪರೇಟರ್ ಮಾತ್ರ ಇನ್ನೂ ಮುಖ ಊದಿಸಿಕೊಂಡಿದ್ದಾನೆ.