ಸಾಂದ್ರತೆ ಹೆಚ್ಚಿದಷ್ಟೂ ತರಂಗದ ವೇಗ ಹೆಚ್ಚುವುದು ನಿಜವೇ?

ಪ್ರಶ್ನೆ: ವಿಜ್ಞಾನ ಶಿಕ್ಷಕಿ, ಹಾವೇರಿ

ಒಂಬತ್ತನೆಯ ತರಗತಿಗೆ ಶಬ್ದದ ಪಾಠ ನಡೆಯುತ್ತಿದೆ. ಮಕ್ಕಳು ಹೊರಗಿನಿಂದ ತರುವ ನೋಟ್ಸ್‌ಗಳಲ್ಲಿ ಮಾಧ್ಯಮದ ಸಾಂದ್ರತೆ ಹೆಚ್ಚಾದಂತೆ ಶಬ್ದದ ವೇಗವೂ ಹೆಚ್ಚುತ್ತದೆ ಎಂಬ ವಾಕ್ಯ ಇದ್ದೇ ಇರುತ್ತದೆ; ಗಾಳಿ, ನೀರು, ಉಕ್ಕು ಈ ಮೂರನ್ನಷ್ಟೇ ನೋಡಿದರೆ ಅದು ಸರಿಯೆಂದೇ ತೋರುತ್ತದೆ. ಆದರೆ ವಿದ್ಯಾರ್ಥಿನಿಯೊಬ್ಬಳು ಪಠ್ಯಪುಸ್ತಕದ ಕೋಷ್ಟಕದ ಮೇಲೆ ಬೆರಳಿಟ್ಟು, ಗಾಳಿಯಲ್ಲಿ ಸೆಕೆಂಡಿಗೆ 346 ಮೀಟರ್ ಇರುವ ವೇಗವು ಗಾಳಿಗಿಂತ ಎಷ್ಟೋ ಹಗುರವಾದ ಹೈಡ್ರೋಜನ್‌ನಲ್ಲಿ 1,284 ಮೀಟರ್ ಇರುವುದು ಹೇಗೆ ಎಂದು ಕೇಳಿದಳು. ಉಕ್ಕಿಗಿಂತ ಹಗುರವಾದ ಅಲ್ಯೂಮಿನಿಯಂನದೂ ಅದೇ ಕಥೆ. ಅವಳ ಪ್ರಶ್ನೆ ನ್ಯಾಯವಾದದ್ದು. ಭೂಕಂಪ ಮತ್ತು ರೇಡಿಯೊ ತರಂಗಗಳಿಗೂ ಸಲ್ಲುವಂಥ ವಿವರಣೆಯನ್ನು ತಿಳಿದವರು ಕೊಡಬೇಕೆಂದು ಕೋರುತ್ತೇನೆ.

ಉತ್ತರ 1: ಹುಬ್ಬಳ್ಳಿಯಿಂದ

ಆ ವಾಕ್ಯ ತಪ್ಪು. ಅದನ್ನು ನೋಟ್ಸ್‌ನಿಂದ ಹೊಡೆದುಹಾಕಿಸಿ. ಸಾಂದ್ರತೆ ಹೆಚ್ಚಾದರೆ ತರಂಗ ನಿಧಾನವಾಗುತ್ತದೆಯೇ ಹೊರತು ವೇಗವಾಗುವುದಿಲ್ಲ. ವೇಗವನ್ನು ಹೆಚ್ಚಿಸುವುದು ಮಾಧ್ಯಮದ ಬಿಗಿತ, ಅಂದರೆ ಒತ್ತಿದಾಗ ಅದು ಎಷ್ಟು ಬಲವಾಗಿ ತಿರುಗಿ ತಳ್ಳುತ್ತದೆ ಎಂಬುದು. ಬಿಗಿತವನ್ನು ಸಾಂದ್ರತೆಯಿಂದ ಭಾಗಿಸಿ ವರ್ಗಮೂಲ ತೆಗೆದರೆ ವೇಗ ಸಿಗುತ್ತದೆ.

ಉಕ್ಕಿನ ಕಂಬಿಯ ಬಿಗಿತ ಗಾಳಿಯದಕ್ಕಿಂತ ಸುಮಾರು 14 ಲಕ್ಷ ಪಟ್ಟು, ಸಾಂದ್ರತೆ ಸುಮಾರು 6,600 ಪಟ್ಟು. ಭಾಗಿಸಿದರೆ 210ರ ಆಸುಪಾಸು. ಅದರ ವರ್ಗಮೂಲ 14.5. ಗಾಳಿಯ 346 ಮೀಟರನ್ನು ಇದರಿಂದ ಗುಣಿಸಿದರೆ ಸೆಕೆಂಡಿಗೆ ಸುಮಾರು 5,000 ಮೀಟರ್ ಬರುತ್ತದೆ. ನಮ್ಮ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರ್ಮನ್ನೇ ತೆಗೆದುಕೊಳ್ಳಿ: ಒಂದು ತುದಿಯ ಸದ್ದು ಗಾಳಿಯಲ್ಲಿ ಇನ್ನೊಂದು ತುದಿ ಮುಟ್ಟಲು ಸುಮಾರು 4.4 ಸೆಕೆಂಡ್ ಬೇಕು, ಅಷ್ಟೇ ಉದ್ದದ ಬೆಸೆದ ಹಳಿಯೊಳಗೆ 0.3 ಸೆಕೆಂಡ್ ಸಾಕು. (ಮಕ್ಕಳಿಗೆ ಇದನ್ನು ಲೆಕ್ಕದಲ್ಲಿ ಮಾತ್ರ ತೋರಿಸಿ; ಹಳಿಗೆ ಕಿವಿಗೊಡುವ ಪ್ರಯೋಗ ಖಂಡಿತ ಬೇಡ.)

ಹೈಡ್ರೋಜನ್‌ನ ಉತ್ತರ ಇನ್ನೂ ಸರಳ. ಅನಿಲದ ಬಿಗಿತವನ್ನು ಮುಖ್ಯವಾಗಿ ಅದರ ಒತ್ತಡ ನಿರ್ಧರಿಸುವುದರಿಂದ, ಒಂದೇ ಒತ್ತಡದಲ್ಲಿರುವ ಗಾಳಿ ಮತ್ತು ಹೈಡ್ರೋಜನ್‌ಗಳ ಬಿಗಿತ ಹೆಚ್ಚುಕಡಿಮೆ ಒಂದೇ. ಹೈಡ್ರೋಜನ್ 14 ಪಟ್ಟು ಹಗುರ, ಆದ್ದರಿಂದ ವೇಗ ಸುಮಾರು 3.8 ಪಟ್ಟು. ಗುಣಿಸಿ ನೋಡಿದರೆ ಕೋಷ್ಟಕದ ಅಂಕಿಯ ಹತ್ತಿರಕ್ಕೇ ಬರುತ್ತೀರಿ.

ಉತ್ತರ 2: ಧಾರವಾಡದಿಂದ

ಮೇಲಿನ ಉತ್ತರಕ್ಕೆ ಭೂಕಂಪದ ಮಾತು ಸೇರಿಸುತ್ತೇನೆ. ಬಿಗಿತದಲ್ಲಿ ಎರಡು ಬಗೆಯುಂಟು: ಒತ್ತುವುದಕ್ಕೆ ಒಡ್ಡುವ ಪ್ರತಿರೋಧ ಒಂದು, ಪಕ್ಕಕ್ಕೆ ಜಾರಿಸುವುದಕ್ಕೆ ಒಡ್ಡುವ ಪ್ರತಿರೋಧ ಇನ್ನೊಂದು. ಗಾಳಿಗೂ ನೀರಿಗೂ ಎರಡನೆಯದು ಇಲ್ಲ. ಆದ್ದರಿಂದಲೇ ಅವುಗಳೊಳಗೆ ಶಬ್ದ ನೀಳ ತರಂಗವಾಗಿ, ಅಂದರೆ ಕಣಗಳು ತರಂಗ ಸಾಗುವ ದಿಕ್ಕಿನಲ್ಲೇ ಹಿಂದೆಮುಂದೆ ಅಲುಗುವಂತೆ, ಮಾತ್ರ ಸಾಗುತ್ತದೆ. ಬಂಡೆಗೆ ಎರಡೂ ಇರುವುದರಿಂದ ಅದರಲ್ಲಿ ನೀಳವಾದ ಪಿ ತರಂಗ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್, ಅಡ್ಡವಾದ (ಸಾಗುವ ದಿಕ್ಕಿಗೆ ಅಡ್ಡಲಾಗಿ ಅಲುಗಿಸುವ) ಎಸ್ ತರಂಗ ಸುಮಾರು 3.5 ಕಿಲೋಮೀಟರ್ ವೇಗದಲ್ಲಿ ಹೊರಡುತ್ತವೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಂಪಿಸಿದ ಮಹಾರಾಷ್ಟ್ರದ ಕಿಲ್ಲಾರಿ ಹುಬ್ಬಳ್ಳಿಯಿಂದ ಸುಮಾರು 340 ಕಿಲೋಮೀಟರ್ ದೂರದಲ್ಲಿದೆ. ಆ ದೂರಕ್ಕೆ ಪಿ ತರಂಗ 57 ಸೆಕೆಂಡ್, ಎಸ್ ತರಂಗ 97 ಸೆಕೆಂಡ್ ತೆಗೆದುಕೊಳ್ಳುತ್ತದೆ. ನಡುವಿನ ಈ 40 ಸೆಕೆಂಡನ್ನು ಅಳೆದೇ ಕಂಪನಮಾಪನ ಕೇಂದ್ರಗಳು ದೂರವನ್ನು ಲೆಕ್ಕ ಹಾಕುತ್ತವೆ.

ನಿಮ್ಮ ವಿದ್ಯಾರ್ಥಿನಿಗೆ ನಾನು ಕೊಡಬಯಸುವ ಉದಾಹರಣೆ ಇದಕ್ಕೂ ಆಳದಲ್ಲಿದೆ. ಸುಮಾರು 2,900 ಕಿಲೋಮೀಟರ್ ಕೆಳಗೆ, ಭೂಮಿಯ ಕವಚ ಮುಗಿದು ದ್ರವರೂಪದ ಹೊರತಿರುಳು ಆರಂಭವಾಗುವಲ್ಲಿ, ಸಾಂದ್ರತೆ ಘನ ಸೆಂಟಿಮೀಟರಿಗೆ 5.6 ಗ್ರಾಂನಿಂದ 9.9 ಗ್ರಾಂಗೆ ಒಮ್ಮೆಲೇ ಏರುತ್ತದೆ. ಆದರೆ ಪಿ ತರಂಗದ ವೇಗ ಸೆಕೆಂಡಿಗೆ 13.7 ಕಿಲೋಮೀಟರ್‌ನಿಂದ 8ಕ್ಕೆ ಕುಸಿಯುತ್ತದೆ, ಎಸ್ ತರಂಗವಂತೂ ಅಲ್ಲಿಗೇ ನಿಂತುಬಿಡುತ್ತದೆ. 1906ರಲ್ಲಿ ಓಲ್ಡ್‌ಹ್ಯಾಮ್ ಈ ತಿರುಳಿಗೆ ಮತ್ತು 1936ರಲ್ಲಿ ಇಂಗೆ ಲೆಹ್ಮನ್ ಅದರೊಳಗಿನ ಒಳತಿರುಳಿಗೆ ಸಾಕ್ಷ್ಯ ಕಂಡದ್ದು ಇಂಥ ತರಂಗಗಳ ದಾಖಲೆಗಳಲ್ಲೇ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ರೇಡಿಯೊ ತರಂಗದಲ್ಲಿ ಬಿಗಿತ ಯಾವುದರದು? ನಿರ್ವಾತದಲ್ಲಿ ತಿರುಗಿ ತಳ್ಳುವ ವಸ್ತುವೇ ಇಲ್ಲವಲ್ಲ.

ಉತ್ತರ 3: ಗದಗದಿಂದ

ಅಲ್ಲಿ ವಸ್ತು ಅಲುಗಾಡುವುದೇ ಇಲ್ಲ. ಬದಲಾಗುವ ವಿದ್ಯುತ್ ಕ್ಷೇತ್ರ ಕಾಂತಕ್ಷೇತ್ರವನ್ನು, ಬದಲಾಗುವ ಕಾಂತಕ್ಷೇತ್ರ ವಿದ್ಯುತ್ ಕ್ಷೇತ್ರವನ್ನು ಹುಟ್ಟಿಸುತ್ತ ತರಂಗ ಮುಂದೆ ಸಾಗುತ್ತದೆ; ಮ್ಯಾಕ್ಸ್‌ವೆಲ್ 1865ರಲ್ಲಿ ಗಣಿತದಿಂದ ಹೇಳಿದ್ದನ್ನು ಹರ್ಟ್ಸ್ 1887ರಲ್ಲಿ ಪ್ರಯೋಗದಿಂದ ತೋರಿಸತೊಡಗಿದರು. ವಸ್ತು ಎದುರಾದರೆ ಈ ತರಂಗಕ್ಕೆ ಅಡಚಣೆಯೇ. ನಿರ್ವಾತದಲ್ಲಿ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಸಾಗುವ ಬೆಳಕು ಗಾಜಿನಲ್ಲಿ ಸುಮಾರು 2 ಲಕ್ಷಕ್ಕೆ ಇಳಿಯುತ್ತದೆ, ಶಬ್ದ ಮಾತ್ರ ಅದೇ ಗಾಜಿನಲ್ಲಿ ಗಾಳಿಗಿಂತ ಹನ್ನೊಂದು ಪಟ್ಟಿಗೂ ಹೆಚ್ಚು ವೇಗ ಪಡೆಯುತ್ತದೆ.

ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್ ತರಂಗದ ಉದ್ದ ಸುಮಾರು 392 ಮೀಟರ್. ಅದು ನೇರ ದಾರಿಯಲ್ಲಿ ಸುಮಾರು 85 ಕಿಲೋಮೀಟರ್ ದೂರದ ಹಾವೇರಿಯನ್ನು ಸೆಕೆಂಡಿನ ಮೂರು ಸಾವಿರದ ಒಂದು ಪಾಲಿಗಿಂತ ಕಡಿಮೆ ಅವಧಿಯಲ್ಲಿ ತಲುಪುತ್ತದೆ. ಅಲ್ಲಿಂದ ಮುಂದೆ ವಾರ್ತೆ ಓದುವವರ ದನಿ ನಿಮ್ಮ ಪಡಸಾಲೆಯ ರೇಡಿಯೊ ಪೆಟ್ಟಿಗೆಯಿಂದ ಮೂರು ಮೀಟರ್ ದೂರದ ನಿಮ್ಮ ಕಿವಿಗೆ ಬರಲು ಅದರ ಸುಮಾರು ಮೂವತ್ತು ಪಟ್ಟು ಸಮಯ ಹಿಡಿಯುತ್ತದೆ.